ಹೆಸರಿನ ಪಕ್ಕದಲ್ಲಿ ಏನಿರಬೇಕು?

ಕೈದಿಗಳು ನಾಟಕ ಆಡಿದರು ಅಂದರೆ ಅದರ ವರದಿ ಹೇಗಿರುತ್ತದೆ ಅಂತ ಓದದೆಯೇ ಹೇಳಬಹುದು. ಕೊಲೆ ಕೇಸಿನವರು ಇಷ್ಟು, ಜೀವಾವಧಿಯವರು ಇಷ್ಟು, ಕಣ್ಣೀರು, ಮನಪರಿವರ್ತನೆ. ನಾಟಕ ಹೇಗಿತ್ತು? ಆ ಬಗ್ಗೆ ಒಂದು ಸಾಲು ಸಿಕ್ಕರೆ ನಿಮ್ಮ ಪುಣ್ಯ.

ರಂಗಾಯಣದ ನಟ ಹುಲುಗಪ್ಪ ಕಟ್ಟಿಮನಿ ಕೈದಿಗಳಿಂದ ‘ಮಾರನಾಯಕ’ ಆಡಿಸಿದರು. ಮ್ಯಾಕ್‌ಬೆತ್‌ನ ಕಥೆಯನ್ನು ಎಚ್.ಎಸ್. ಶಿವಪ್ರಕಾಶ್ ಕನ್ನಡಕ್ಕೆ ಒಗ್ಗಿಸಿದ ನಾಟಕ ಅದು. ಅಧಿಕಾರಕ್ಕಾಗಿ ಕೊಂದು, ಆಮೇಲೆ ನಿದ್ದೆಗೆಟ್ಟವನ ಕಥೆಯನ್ನು ಜೈಲಿನೊಳಗೆ ಒಯ್ಯಲಿಕ್ಕೆ ಎದೆಗಾರಿಕೆ ಬೇಕು. ಆದರೆ ನಾವು ಬೆರಗಾಗುವುದು ಯಾವುದಕ್ಕೆ? ಕೊಂದವನೇ ಕೊಂದವನ ಪಾತ್ರ ಮಾಡಿದನಲ್ಲ ಅನ್ನುವುದಕ್ಕೆ. ತಿಂಗಳುಗಟ್ಟಲೆ ತಾಲೀಮು ಮಾಡಿ ಕಲಿತದ್ದೆಲ್ಲ ಅವನ ಎಫ್‌ಐಆರ್‌ನಿಂದ ಬಂತು ಅನ್ನುವ ಹಾಗೆ! ನಟನಿಗೆ ಇದಕ್ಕಿಂತ ಅವಮಾನ ಬೇಕೆ?

ತಾವಿಯಾನಿ ಸಹೋದರರ ‘ಸೀಸರ್ ಮಸ್ಟ್ ಡೈ’ 2012ರಲ್ಲಿ ಬರ್ಲಿನ್‌ನಲ್ಲಿ ಚಿನ್ನದ ಕರಡಿ ಗೆದ್ದ ಸಿನಿಮಾ. ರೋಮ್‌ನ ರೆಬಿಬ್ಬಿಯ ಜೈಲಿನಲ್ಲಿ ಕೈದಿಗಳು ಜೂಲಿಯಸ್ ಸೀಸರ್ ಆಡುತ್ತಾರೆ. ಅದರಲ್ಲಿ ಪಾತ್ರಕ್ಕೆ ಆಯ್ಕೆ ಮಾಡುವ ದೃಶ್ಯ ನೋಡಬೇಕು ನೀವು. ಪ್ರತಿಯೊಬ್ಬನೂ ತನ್ನ ಹೆಸರು, ಅಪ್ಪನ ಹೆಸರು, ಊರು ಹೇಳಬೇಕು. ಮೊದಲು ಹೆಂಡತಿಯನ್ನು ಅಗಲುವವನಂತೆ ಅಳುತ್ತ, ಆಮೇಲೆ ಸಿಟ್ಟಿನಲ್ಲಿ. ಮಾತು ಅವೇ, ಮನುಷ್ಯ ಬೇರೆ. ನಟನೆ ಅಂದರೇನು ಅಂತ ಎರಡು ನಿಮಿಷದಲ್ಲಿ ತಿಳಿದುಬಿಡುತ್ತದೆ. ಅದಾದ ಮೇಲೆ ಇದೇ ಸಿನಿಮಾ ಆ ಮುಖಗಳ ಕೆಳಗೆ ಅಪರಾಧ ಮತ್ತು ಶಿಕ್ಷೆಯ ಅವಧಿ ಬರೆದು ತೋರಿಸುತ್ತದೆ. ಇಷ್ಟು ಒಳ್ಳೆಯ ಸಿನಿಮಾಕ್ಕೂ ಆ ಚಪಲ ತಪ್ಪಲಿಲ್ಲ. ಬ್ರೂಟಸ್ ಪಾತ್ರದ ಸಾಲ್ವತೊರೆ ಸ್ಟ್ರಿಯಾನೊ ಆಗಲೇ ಬಿಡುಗಡೆಯಾಗಿದ್ದ, ನಟಿಸಲಿಕ್ಕೆಂದೇ ಮತ್ತೆ ಒಳಗೆ ಹೋದವನು. ಅವನ ಮುಖದ ಕೆಳಗೆ ಈ ಬರಹ ಎಷ್ಟು ವರ್ಷ ಇರಬೇಕು?

ನಮ್ಮ ಕಡೆಯ ಪಟ್ಟದಕಲ್ಲಿಗೆ ಬನ್ನಿ. ವೀಕೆಂಡಿಗೆ ಹೋದವರು ವಿರೂಪಾಕ್ಷ ಗುಡಿ ಮುಂದೆ ಸೆಲ್ಫಿ ತಗೊಂಡು ಐಹೊಳೆಗೆ ಓಡುತ್ತಾರೆ. ಅಲ್ಲಿಯ 8ನೇ ಶತಮಾನದ ಶಾಸನಗಳಲ್ಲಿ ರಾಜ ರಾಣಿಯರಷ್ಟೇ ಇಲ್ಲ. ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರಿದೆ, ಅವನಿಗೆ ಸಿಕ್ಕ ತ್ರಿಭುವನಾಚಾರಿ ಅನ್ನುವ ಬಿರುದಿದೆ. ಅಚಲ ಎಂಬ ನಟನನ್ನು ಹೊಗಳುವ ಶಾಸನವೂ ಇದೆ. ಭರತನ ವಿದ್ಯೆಯಲ್ಲಿ ಎದುರಾಳಿ ನಟರ ಸೊಕ್ಕು ಮುರಿದವನಂತೆ. ಅವನು ಸಾಲಗಾರನೋ ಜಗಳಗಂಟನೋ, ಕಲ್ಲು ಕೆತ್ತಿದವರಿಗೆ ಅದು ಬೇಕಾಗಿರಲಿಲ್ಲ.

ಕೊಲೆಯ ಕಥೆ ನೋಡಲು ನಮ್ಮ ಮಂದಿಗೆ ಅಳುಕೇನೂ ಇಲ್ಲ. ‘ಸಂಗ್ಯಾ ಬಾಳ್ಯಾ’ ಹುಟ್ಟಿದ್ದೇ ನಡೆದುಹೋದ ಒಂದು ಕೊಲೆಯಿಂದ. ರಾತ್ರಿಯೆಲ್ಲ ಕೂತು ಸಣ್ಣಾಟ ನೋಡಿದವರು ಬೆಳಗ್ಗೆ ಮಾತಾಡುವುದು ಯಾರ ದನಿ ಏರಿತು, ಯಾರು ಹಾಡು ಮರೆತರು ಅನ್ನುವುದನ್ನೇ. ನನಗೆ ಗೊತ್ತಿರುವ ಅತ್ಯಂತ ನಿಷ್ಠುರ ವಿಮರ್ಶಕರು ಅವರು.

ಇಷ್ಟಾದರೂ ಒಂದು ಮಾತಿದೆ. ಸತ್ತವನ ಮನೆಯವರು ಬಂದು ಆ ಸಭಾಂಗಣದಲ್ಲಿ ಕೂತರೆ? ಪಾತ್ರ ಬೇರೆ, ಮನುಷ್ಯ ಬೇರೆ ಅಂತ ಅವರಿಗೆ ಹೇಳಲು ನನಗೆ ಬಾಯಿಲ್ಲ. ಅವರು ಚಪ್ಪಾಳೆ ತಟ್ಟಬೇಕಾಗಿಲ್ಲ, ಎದ್ದು ಹೋಗಬಹುದು. ಆದರೆ ನಾನು, ನೀವು ಆ ಮನೆಯವರಲ್ಲ. ಅವರ ದುಃಖ ಎರವಲು ತಂದು ರೋಮಾಂಚನಗೊಳ್ಳುವ ಹಕ್ಕು ನಮಗಿಲ್ಲ. ನಾವು ನಾಟಕ ನೋಡಲು ಬಂದವರು. ಮಾರನಾಯಕನ ಮಾತು ಹಿಂದಿನ ಸಾಲಿಗೆ ಕೇಳಿಸಲಿಲ್ಲ ಅಂದರೆ, ಅದನ್ನು ಬರೆಯೋಣ.