ಬೆನ್ನು ಹಾಕಿ ಕೂತವರ ಸಂಗೀತ: ಐರ್ಲೆಂಡಿನ ಸೆಷನ್ ಕೇಳಲು ಒಂದು ಕೈಪಿಡಿ

ಐರ್ಲೆಂಡಿನ ಪಶ್ಚಿಮ ಕರಾವಳಿಯ ಡೂಲಿನ್ ಹಳ್ಳಿಗೆ ಹೋಗುವ ನಮ್ಮವರು ಬಹುಪಾಲು ಮೊಹೆರ್ ಬಂಡೆಗಳನ್ನು ನೋಡಲೆಂದು ಹೋಗುತ್ತಾರೆ, ಸಂಜೆಯ ಬಸ್ಸು ಹತ್ತಿ ಹೊರಟುಬಿಡುತ್ತಾರೆ. ಆ ಊರಿನ ಇನ್ನೊಂದು ಸಂಪತ್ತು ಸಿಗುವುದು ರಾತ್ರಿ ಒಂಬತ್ತೂವರೆಯ ಮೇಲೆ. ಪಬ್ಬಿನ ಮೂಲೆಯ ಮೇಜಿನ ಸುತ್ತ ನಾಲ್ಕೈದು ಮಂದಿ ಬಂದು ಕೂರುತ್ತಾರೆ. ಒಬ್ಬರು ಪಿಟೀಲು ತೆಗೆಯುತ್ತಾರೆ, ಇನ್ನೊಬ್ಬರು ಮರದ ಕೊಳಲಿನ ತುಂಡುಗಳನ್ನು ಜೋಡಿಸುತ್ತಾರೆ, ಮತ್ತೊಬ್ಬರ ತೊಡೆಯ ಮೇಲೆ ಕಾನ್ಸರ್ಟಿನಾ ಎಂಬ ಪುಟ್ಟ ತಿದಿವಾದ್ಯ. ವೇದಿಕೆಯಿಲ್ಲ, ಸ್ವಾಗತ ಭಾಷಣವಿಲ್ಲ. ಅರ್ಧ ಮಂದಿಯ ಬೆನ್ನು ನಿಮ್ಮ ಕಡೆಗೇ ಇರುತ್ತದೆ. ಇದೇ ಸೆಷನ್.

ಕಚೇರಿ ಕೇಳಿ ಬೆಳೆದವರಿಗೆ ಮೊದಲು ಕಸಿವಿಸಿಯಾಗುವುದು ಈ ಬೆನ್ನಿನಿಂದಲೇ. ಕೇಳಲು ಬಂದ ನಮ್ಮನ್ನು ಇವರು ಲೆಕ್ಕಕ್ಕೇ ಇಟ್ಟಿಲ್ಲವಲ್ಲ ಅನ್ನಿಸುತ್ತದೆ. ಆದರೆ ಕಚೇರಿಯನ್ನು ಬಿಟ್ಟು ಭಜನೆಯನ್ನು ನೆನಪಿಸಿಕೊಳ್ಳಿ. ಶನಿವಾರ ರಾತ್ರಿ ಊರ ಆಂಜನೇಯನ ಗುಡಿಯಲ್ಲಿ ಹಾರ್ಮೋನಿಯಂ, ತಾಳ, ದಮ್ಮಡಿ ಹಿಡಿದು ಕೂತವರು ಒಬ್ಬರ ಮುಖ ಒಬ್ಬರು ನೋಡುತ್ತಾ ಹಾಡುತ್ತಾರೆ. ದಾರಿಹೋಕರು ಚಪ್ಪಲಿ ಬಿಟ್ಟು ಒಳಗೆ ಬಂದು ಕಂಬಕ್ಕೆ ಒರಗಿದರೆ ಯಾರೂ ಬೇಡವೆನ್ನುವುದಿಲ್ಲ. ಸೆಷನ್ನಿನ ಜಾತಿ ಅದು. ಅವರು ನುಡಿಸುವುದು ತಮ್ಮತಮ್ಮೊಳಗೆ, ಕೇಳುವ ಹಕ್ಕು ಎಲ್ಲರಿಗೂ.

ಈ ಪದ್ಧತಿ ಹುಟ್ಟಿದ್ದು ಐರ್ಲೆಂಡಿನ ನೆಲದಲ್ಲಲ್ಲ. ಹಳ್ಳಿಗಳಲ್ಲಿ ಸಂಗೀತ ಇದ್ದದ್ದು ಮನೆಗಳ ಅಡುಗೆಮನೆಯಲ್ಲಿ, ದಾರಿ ಕೂಡುವ ಕಡೆ ನಡೆಯುತ್ತಿದ್ದ ಕುಣಿತದಲ್ಲಿ. ಸಾರ್ವಜನಿಕ ಕುಣಿತಕ್ಕೆ ಪರವಾನಗಿ ಬೇಕೆಂದು 1935ರಲ್ಲಿ ಕಾನೂನು ಬಂದ ಮೇಲೆ ಮನೆಗಳ ಕುಣಿತಕ್ಕೂ ಪೆಟ್ಟು ಬಿತ್ತು. ಎರಡನೆಯ ಮಹಾಯುದ್ಧದ ನಂತರ ಕೂಲಿ ಹುಡುಕಿಕೊಂಡು ಲಂಡನ್ನಿಗೆ ಹೋದ ಐರಿಷ್ ಜನ ಕ್ಯಾಮ್ಡನ್ ಟೌನ್‌ನಂಥ ಕಡೆಯ ಪಬ್ಬುಗಳಲ್ಲಿ, ಕೆಲಸ ಮುಗಿದ ಮೇಲೆ, ಒಂದು ಮೇಜಿನ ಸುತ್ತ ನುಡಿಸತೊಡಗಿದರು. ಅದೇ ರೂಢಿ ಆಮೇಲೆ ತಾಯ್ನಾಡಿಗೂ ಮರಳಿತು. ಮನೆ ಬಿಟ್ಟು ಬಂದವರು ಒಬ್ಬರನ್ನೊಬ್ಬರು ಕಂಡುಕೊಳ್ಳಲು ಕಟ್ಟಿಕೊಂಡ ಕೂಟ ಇದು. ಹೊರಗಿನಿಂದ ಬಂದವರು ಅಲ್ಲಿ ಬಾಗಿಲಲ್ಲೇ ಅಳುಕಿ ನಿಲ್ಲಬೇಕಾಗಿಲ್ಲ.

ಇನ್ನು ಕೇಳುವುದು ಹೇಗೆ? ಮೊದಲ ರಾತ್ರಿ ಎಲ್ಲವೂ ಒಂದೇ ಎಂಬಂತೆ ಕೇಳುತ್ತದೆ, ತುಂಬ ವೇಗ, ಎಲ್ಲರೂ ಒಂದೇ ಮಟ್ಟನ್ನು ಒಟ್ಟಿಗೆ ನುಡಿಸುತ್ತಾರೆ. (ಮಾತಿಲ್ಲದ್ದು ಅವರಿಗೆ ‘ಟ್ಯೂನ್’, ಮಾತಿದ್ದರೆ ಮಾತ್ರ ‘ಸಾಂಗ್’. ಟ್ಯೂನಿಗೆ ದಾಸರಪದ ಹಾಡುವವರ, ಯಕ್ಷಗಾನದವರ ‘ಮಟ್ಟು’ ಎಂಬ ಮಾತೇ ಸರಿಹೊಂದುತ್ತದೆ.) ನಮ್ಮ ಕೈಯಲ್ಲಿ ಒಂದು ಒಳ್ಳೆಯ ಬೀಗದಕೈ ಇದೆ: ತಾಳ. ‘ರೀಲ್’ ಎಂಬ ಬಗೆಯನ್ನು ಬಾಯಲ್ಲಿ ತಕದಿಮಿ ತಕಜನು ಎಂದುಕೊಂಡು ಹಿಡಿಯಿರಿ. ‘ಜಿಗ್’ ಆದರೆ ತಕಿಟ ತಕಿಟ. ‘ಸ್ಲಿಪ್ ಜಿಗ್’ ಆದರೆ ತಕಿಟ ಮೂರು ಸಲ. ಇಷ್ಟು ತಿಳಿದರೆ ಅರ್ಧ ಮಂಜು ಕರಗಿತು.

ರೀಲಿಗೆ ಆದಿತಾಳ ಹಾಕಿ ನೋಡಿ. ಸಾಮಾನ್ಯವಾಗಿ ಒಂದು ಮಟ್ಟಿಗೆ ಎರಡು ಭಾಗ. ಮೊದಲ ಭಾಗ ಎರಡು ಆವರ್ತ, ಅದನ್ನು ಇನ್ನೊಮ್ಮೆ ನುಡಿಸುತ್ತಾರೆ. ಎರಡನೆಯ ಭಾಗ ತುಸು ಮೇಲಿನ ಸ್ಥಾಯಿಗೆ ಏರುತ್ತದೆ, ನಮ್ಮ ಅನುಪಲ್ಲವಿಯ ಹಾಗೆ. ಅದೂ ಎರಡು ಆವರ್ತ, ಅದನ್ನೂ ಎರಡು ಸಲ. ಅಲ್ಲಿಗೆ ಎಂಟು ಆವರ್ತಕ್ಕೆ ಒಂದು ಸುತ್ತು ಮುಗಿಯಿತು. ಜಿಗ್‌ಗೂ ಇದೇ ಲೆಕ್ಕ, ನಡೆ ಮಾತ್ರ ತಿಶ್ರ. ಮಟ್ಟನ್ನು ಎರಡು ಮೂರು ಸುತ್ತು ನುಡಿಸಿ, ನಿಲ್ಲಿಸದೆ ಇನ್ನೊಂದು ಮಟ್ಟಿಗೆ ಹಾರುತ್ತಾರೆ. ಈ ಹಾರುವ ಗಳಿಗೆಯೇ ಸೆಷನ್ನಿನ ದೊಡ್ಡ ಸುಖ. ಎಂಟನೆಯ ಆವರ್ತದ ಕೊನೆಯಲ್ಲಿ ಮುಂದಾಳು ಹುಬ್ಬು ಎತ್ತುತ್ತಾರೆ, ಶ್ರುತಿಯೇ ಬದಲಾದಂತೆ ಹೊಸ ಮಟ್ಟು ತೆರೆಯುತ್ತದೆ, ಯಾರೋ ‘ಹಪ್!’ ಎಂದು ಕೂಗುತ್ತಾರೆ. ರಾಗಮಾಲಿಕೆಯಲ್ಲಿ ರಾಗ ಹೊರಳುವಾಗ ಎದೆಯಲ್ಲಿ ಆಗುವುದೇ ಇಲ್ಲಿಯೂ ಆಗುತ್ತದೆ.

ತಾಳ ಹಾಕುವುದು ತೊಡೆಯ ಮೇಲೆ, ಸದ್ದಿಲ್ಲದೆ. ಮೊದಲ ರಾತ್ರಿ ನಾನು ಮೇಜಿನ ಮೇಲೆ ಬಡಿದಿದ್ದೆ, ಅದು ತಪ್ಪು. ನಮ್ಮ ಕೈಸದ್ದು ಒಂದು ಕೂದಲೆಳೆ ಆಚೀಚೆಯಾದರೂ ನುಡಿಸುವವರ ಲಯ ಕೆಡುತ್ತದೆ. ಮೂರನೆಯ ರಾತ್ರಿ ಬೆರಳೆಣಿಕೆ ಮಾಡುತ್ತಾ ಕೂತಿದ್ದಾಗ ಕಾನ್ಸರ್ಟಿನಾ ನುಡಿಸುತ್ತಿದ್ದ ಹೆಂಗಸು, ನುಡಿಸಾಣಿಕೆ ನಿಂತ ಕೂಡಲೇ, “ಬೆರಳಲ್ಲಿ ಏನು ಲೆಕ್ಕ ಹಾಕುತ್ತಿದ್ದೀರಿ?” ಎಂದು ಕೇಳಿದರು. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಮತ್ತೆ ಪೆಟ್ಟು, ತಿರುವು, ಪೆಟ್ಟು, ತಿರುವು ಎಂದು ತೋರಿಸಿದೆ. ಅವರು ಹಾಗೇ ಹಾಕಿದರು. ಪಕ್ಕದವರು ಒಂದು ಜಿಗ್ ಎತ್ತಿಕೊಂಡರು, ಆ ಹೆಂಗಸಿನ ಕೈ ತಿಶ್ರದಲ್ಲಿ ಎರಡು ಸುತ್ತು ಸರಿಯಾಗಿ ನಡೆಯಿತು. ಆ ಮೇಲೆ ನನಗೆ ಅವರ ಪಕ್ಕದಲ್ಲೇ ಒಂದು ಕುರ್ಚಿ ಸಿಕ್ಕಿತು. ಅಲ್ಲಿಯವರೆಗೆ ಹವಾಮಾನ, ಊರು, ಕೆಲಸ ಎಂದು ನಾನು ಯಾರೊಡನೆ ಮಾತು ತೆಗೆದರೂ ಎರಡು ವಾಕ್ಯಕ್ಕೆ ಮುಗಿಯುತ್ತಿತ್ತು.

ಆಲಾಪನೆಯನ್ನು ಇಲ್ಲಿ ಹುಡುಕಬೇಡಿ. ಮನೋಧರ್ಮ ಇದೆ, ಆದರೆ ಅಕ್ಕಿಕಾಳಿನಷ್ಟು ಜಾಗದಲ್ಲಿ. ಒಂದು ಸ್ವರವನ್ನು ಮೇಲಿನ ಸ್ವರದಿಂದ ಒಮ್ಮೆ, ಕೆಳಗಿನದರಿಂದ ಒಮ್ಮೆ ಕಣ್ಣು ಮಿಟುಕಿಸುವುದರೊಳಗೆ ತಟ್ಟಿ ಬರುತ್ತಾರೆ, ಅದಕ್ಕೆ ‘ರೋಲ್’ ಎನ್ನುತ್ತಾರೆ. ಗಮಕ ಬಲ್ಲ ಕಿವಿಗೆ ಅದು ಬೇಗ ಸಿಗುತ್ತದೆ. ಮೊದಲ ಸುತ್ತಿನಲ್ಲಿ ಇದ್ದ ರೋಲ್ ಎರಡನೆಯ ಸುತ್ತಿನಲ್ಲಿ ಅದೇ ಜಾಗದಲ್ಲಿ ಇರುವುದಿಲ್ಲ. ಅದನ್ನು ಹಿಡಿದವರು ಆ ನುಡಿಸುವವರ ಮನಸ್ಸನ್ನೇ ಹಿಡಿದಂತೆ. ಸೀಮೆಗೊಂದು ಬಾನಿಯೂ ಉಂಟು. ಡಾನೆಗಲ್‌ನ ಪಿಟೀಲಿನ ಕಮಾನು ಬಿಡಿಬಿಡಿಯಾಗಿ ಕಡಿಯುತ್ತದೆ, ಕೆರಿ ಮತ್ತು ಕಾರ್ಕ್ ಗಡಿಯಲ್ಲಿ ಪೋಲ್ಕಾ ಎಂಬ ಕುಣಿತದ ಮಟ್ಟುಗಳ ರಾಜ್ಯಭಾರ, ಪೂರ್ವ ಕ್ಲೇರ್ ನಿಧಾನಿ. ಆ ನಿಧಾನದ ಸೊಗಸು ತಿಳಿಯಲು ಅಲ್ಲಿಯವರೇ ಆದ ಮಾರ್ಟಿನ್ ಹೇಯ್ಸ್ ಅವರ ಪಿಟೀಲನ್ನು ಮನೆಯಲ್ಲೇ ಕೇಳಿ ಹೊರಡಿ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ.

ಅದೃಷ್ಟವಿದ್ದರೆ ಇಲ್ಲನ್ ಪೈಪ್ಸ್ ಸಿಕ್ಕೀತು. ಐರಿಷ್ ಭಾಷೆಯಲ್ಲಿ ಇಲ್ಲನ್ ಎಂದರೆ ಮೊಣಕೈ. ಬಾಯಿಂದ ಊದುವುದಿಲ್ಲ, ಕೂತು ಒಂದು ಮೊಣಕೈಯಲ್ಲಿ ತಿದಿ ಒತ್ತಿ ವಾದ್ಯದ ಚೀಲಕ್ಕೆ ಗಾಳಿ ತುಂಬುತ್ತಾರೆ. ಕೆಳಗೆ ನಿರಂತರ ಮೊಳಗುವ ಶ್ರುತಿ, ಮೇಲೆ ಅಳುವಂಥ ನಾದ. ತಂಬೂರಿಯ ಕೆಳಗೆ ಬೆಳೆದ ಕಿವಿಗೆ ಅಲ್ಲಿ ಕೂಡಲೇ ನೆಮ್ಮದಿ. ಯುನೆಸ್ಕೋ 2017ರಲ್ಲಿ ಈ ವಾದನವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ತಮಟೆಯನ್ನು ನೆನಪಿಸುವ ಆಡಿನ ತೊಗಲಿನ ‘ಬೌರಾನ್’ ಕೈಗೆ ಸುಲಭ ಎನ್ನಿಸಿ ಆಸೆ ಹುಟ್ಟಿಸುತ್ತದೆ. ಕೇಳದೆ ಮುಟ್ಟಬೇಡಿ. ಒಂದು ಮೇಜಿಗೆ ಒಂದು ಬೌರಾನ್ ಸಾಕು ಎಂಬುದು ಅಲ್ಲಿಯ ಮರ್ಯಾದೆ.

ಉಳಿದ ಮರ್ಯಾದೆಗಳನ್ನು ಬೇಗ ಹೇಳಿಬಿಡುತ್ತೇನೆ. ಮೂಲೆಯ ಕುರ್ಚಿಗಳು ನುಡಿಸುವವರದ್ದು, ಖಾಲಿ ಇದ್ದರೂ ಕೂರಬೇಡಿ. ಕುಡಿಯದವರು ಚಹಾವನ್ನೋ ಸೋಡಾವನ್ನೋ ತೆಗೆದುಕೊಳ್ಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮಕ್ಕಳನ್ನು ಕರೆದೊಯ್ದರೆ ರಾತ್ರಿ 9ಕ್ಕೆ, ಮೇನಿಂದ ಸೆಪ್ಟೆಂಬರ್‌ವರೆಗೆ 10ಕ್ಕೆ, ಅವರನ್ನು ಹೊರಗೆ ಕರೆತರಬೇಕು, ಅದು ಕಾನೂನು. ಮೊಬೈಲ್ ಎತ್ತುವ ಮೊದಲು ಕೇಳಿ. ಮಾತು ಶುರುಮಾಡಲು ಒಂದೇ ಪ್ರಶ್ನೆ ಸಾಕು: ಈ ಮಟ್ಟಿನ ಹೆಸರೇನು? ಎಷ್ಟೋ ಸಲ ಹೆಸರು ಗೊತ್ತಿರುವುದಿಲ್ಲ. ಅಂಥವನ್ನು ‘ಗಾನ್ ಅನಿಮ್’, ಹೆಸರಿಲ್ಲದ್ದು, ಎಂದೇ ಕರೆಯುತ್ತಾರೆ. ಆದರೆ ಯಾರಿಂದ ಕಲಿತೆ ಎಂಬುದನ್ನು ಮಾತ್ರ ಯಾರೂ ಮರೆತಿರುವುದಿಲ್ಲ. ಆ ಕಥೆ ಶುರುವಾದರೆ ಅರ್ಧ ಗಂಟೆ ನಿಮ್ಮದು.

ಡಬ್ಲಿನ್ನಿನಲ್ಲೇ ಕೆಲಸಕ್ಕಿರುವವರು ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್‌ಗೆ ಹೋಗಬಹುದು. ರಜೆ ಹೊಂದಿಸಿಕೊಳ್ಳಬಲ್ಲವರು ಜುಲೈನಲ್ಲಿ ಕ್ಲೇರ್‌ನ ಮಿಲ್‌ಟೌನ್ ಮಾಲ್‌ಬೇಗೆ ಹೋಗಲಿ. ಮರಗೆಲಸ ಮಾಡಿಕೊಂಡಿದ್ದ ಪೈಪ್ಸ್ ವಾದಕ ವಿಲ್ಲಿ ಕ್ಲಾನ್ಸಿ 1973ರಲ್ಲಿ ತೀರಿಕೊಂಡಾಗ ಅದೇ ವರ್ಷ ಅವರ ಹೆಸರಲ್ಲಿ ಶುರುವಾದ ಬೇಸಗೆ ಶಾಲೆ ಇಂದಿಗೂ ನಡೆಯುತ್ತದೆ. ಹಗಲು ಪಾಠ, ರಾತ್ರಿ ಊರು ತುಂಬ ಸೆಷನ್.

ಕೊನೆಗೆ ಒಂದು ಮುಖ್ಯ ವಿಷಯ. ರಾತ್ರಿ ಏರಿದಂತೆ ವಾದ್ಯಗಳು ನಿಂತು ಯಾರಾದರೂ ಹಾಡುತ್ತಾರೆ. ‘ಶಾನ್ ನೋಸ್’, ಹಳೆಯ ಪದ್ಧತಿ, ಎಂಬ ಆ ಹಾಡಿಕೆಗೆ ಪಕ್ಕವಾದ್ಯವಿಲ್ಲ, ತಾಳವೂ ಇಲ್ಲ. ಕಣ್ಣು ಮುಚ್ಚಿ ಹಾಡುವವರ ಕೈಯನ್ನು ಪಕ್ಕದವರು ಹಿಡಿದು ಮೆಲ್ಲಗೆ ತಿರುಗಿಸುವುದುಂಟು. ಆಗ ಗ್ಲಾಸಿನ ಸದ್ದೂ ಇರಕೂಡದು. ನುಡಿಗಳ ನಡುವೆ ‘ಮಾ ಹೂ’ ಎಂದು ಮೆಲ್ಲಗೆ ಅನ್ನಬಹುದು, ನಮ್ಮ ಭೇಷ್ ಅದು. ಆ ಹಾಡು ಮುಗಿದ ಮೇಲೆ ಯಾರಾದರೂ ನಿಮ್ಮ ಕಡೆ ತಿರುಗಿ, ನಿಮ್ಮೂರಿನದೊಂದು ಹಾಡಿ ಎನ್ನುತ್ತಾರೆ. ನನ್ನನ್ನೂ ಕೇಳಿದರು. ಶ್ರುತಿಪೆಟ್ಟಿಗೆಯಿಲ್ಲದೆ, ಕನಕದಾಸರ ಒಂದು ಪದ, ಪಲ್ಲವಿ ಮತ್ತು ಎರಡು ನುಡಿ ಹಾಡಿದೆ. ಒಂದು ಮಾತೂ ಅರ್ಥವಾಗದ ಆ ಮಂದಿ ತಮ್ಮವರ ಹಾಡಿಗೆ ಕೊಟ್ಟ ಮೌನವನ್ನೇ ಅದಕ್ಕೂ ಕೊಟ್ಟರು. ಮೂಲೆಯಿಂದ ಒಂದು ‘ಮಾ ಹೂ’ ಬಂತು.

ಕಂಠ ಹೇಗಿದೆ ಎಂದು ಅಲ್ಲಿ ಯಾರೂ ತೂಗುವುದಿಲ್ಲ. ಆದರೆ ಮೊಬೈಲ್ ನೋಡಿ ಹಾಡುವುದು ಅಲ್ಲಿ ಸಲ್ಲದು. ಹೊರಡುವ ಮುನ್ನ ಅಜ್ಜಿಯಿಂದಲೋ ಅಮ್ಮನಿಂದಲೋ ಕೇಳಿದ ಒಂದು ಪದವನ್ನು ಪೂರ್ತಿ ಬಾಯಿಪಾಠ ಮಾಡಿಕೊಂಡು ಹೋಗಿ. ಯಾರಿಂದ ಕಲಿತಿರಿ ಎಂದು ಖಂಡಿತ ಕೇಳುತ್ತಾರೆ, ಅವರ ಹೆಸರನ್ನೂ ಹೇಳಿ.