ಅಂಬಾಬಾಯಿಯ ಅಂತರಂಗ

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂಬ ಕೀರ್ತಿಯು ಅದಕ್ಕೆ ಸಂದಿರುವುದು. ಆ ಕೀರ್ತಿಯೇ ಗ್ರಂಥಕ್ಕೆ ತುಸು ಅಡ್ಡವಾಗಿಯೂ ಬಂದಿದೆ. ಅದನ್ನು ಸುಧಾರಕರ ವಾದವೆಂದೆಣಿಸಿ, ಕಪಟಿಗಳು ಇತ್ತ, ಸಜ್ಜನರು ಅತ್ತ ಎಂದು ಪಾತ್ರಗಳನ್ನು ಎರಡು ಪಂಕ್ತಿಗಳಲ್ಲಿ ಕುಳ್ಳಿರಿಸಿ ವಾಚಕರು ತೃಪ್ತರಾಗುವರು.

ಅಂಬಾಬಾಯಿಯನ್ನು ಹಾಗೆ ಕುಳ್ಳಿರಿಸುವುದು ಸುಲಭವಲ್ಲ. ಎಳೆವಯಸ್ಸಿನಲ್ಲಿಯೇ ವಿಧವೆಯಾದ ಮಗಳನ್ನು ‘ಸಂತ’ರ ಸೇವೆಗೆ ನೂಕುವ ತಾಯಿ ಈಕೆ. ಕ್ರೂರಿಯೆಂದು ಕರೆದುಬಿಡಬಹುದು, ಆದರೆ ಅವಳು ಮಗಳ ಕೇಡನ್ನು ಬಯಸುವಳೆಂದು ತೋರುವುದಿಲ್ಲ. ಪತಿಹೀನೆಗೆ ಉಳಿದಿರುವುದು ಪುಣ್ಯಸಂಪಾದನೆಯೊಂದೇ, ಅದಕ್ಕೆ ಸಂತರ ಪಾದವೇ ಮಾರ್ಗ ಎಂಬ ನಂಬುಗೆ ಅವಳದು. ಆ ನಂಬುಗೆಯೊಳಗೆ ತನ್ನ ಸುಖವೂ ಪ್ರತಿಷ್ಠೆಯೂ ಬೆರೆತಿರುವುದನ್ನು ಅವಳು ಅರಿಯಳು. ಗ್ರಂಥಕ್ಕೆ ‘ಸದ್ಧರ್ಮ ವಿಜಯ’ವೆಂಬ ಇನ್ನೊಂದು ಹೆಸರುಂಟು, ಕೇಳಿದ್ದರೆ ಅಂಬಾಬಾಯಿಯೂ ತನ್ನ ಪಕ್ಷಕ್ಕೆ ಅದೇ ಹೆಸರನ್ನಿಡುತ್ತಿದ್ದಳು.

ಇಷ್ಟನ್ನು ಕಾಣಿಸಿಕೊಡುವುದು ನಿರೂಪಣೆಯ ಧ್ವನಿ. ಸಂತರ ಪ್ರಸಂಗಗಳಲ್ಲಿ ವೆಂಕಟರಾಯರು ಭಕ್ತಿಯ ಮಾತುಗಳನ್ನೇ ಎತ್ತಿಕೊಂಡು, ಗೌರವದ ಸ್ವರದಲ್ಲಿಯೇ ಹಾಸ್ಯಮಾಡುವರು. ಪೂಜ್ಯಭಾವದ ಶಬ್ದವೂ ಕಣ್ಣೆದುರಿನ ನಡತೆಯೂ ಒಂದಕ್ಕೊಂದು ಹೊಂದದಿರುವುದನ್ನು ಓದುವವನೇ ಕಂಡುಕೊಳ್ಳಬೇಕು. (ಪೋಲೀಸು ಅಧಿಕಾರಿಯಾಗಿದ್ದವರಿಗೆ ಸಂಗತಿಯನ್ನು ಸಾಕ್ಷಿಯ ಬಾಯಿಂದಲೇ ಹೊರಡಿಸುವ ಅಭ್ಯಾಸವಿದ್ದಿರಬಹುದು.) ಇದೇ ಲೇಖನಿಯು ಅಮೃತರಾಯರ ಮನೆಗೆ ಬಂದೊಡನೆ ಉಪದೇಶಕ್ಕೆ ತೊಡಗುವುದು. ಅಲ್ಲಿ ಎಲ್ಲರೂ ಗುಣವಂತರು, ಆಡುವುದೂ ಎಣಿಸುವುದೂ ಒಂದೇ. ಆದುದರಿಂದಲೇ ಆ ಪುಟಗಳು ಸಪ್ಪೆ.

ಇಂದಿರೆಯ ವಿಷಯದಲ್ಲಿಯೂ ಅವಸರದ ತೀರ್ಪು ಸಲ್ಲದು. ವಿಧವಾವಿವಾಹವನ್ನು 1856ರ ಕಾಯಿದೆ ಒಪ್ಪಿದ್ದರೂ ಮನೆಗಳು ಒಪ್ಪಿರಲಿಲ್ಲ. ಇಂಗ್ಲೆಂಡಿನಲ್ಲಿ ಕಲಿತು ಬಂದ ಭಾಸ್ಕರರಾಯನ ಕೈಹಿಡಿಯುವಳೆಂಬುದನ್ನು ಕಂಡು, ಮರುಮದುವೆಯ ಆಸೆಯಿಂದಲೇ ಅವಳು ಮನೆ ಬಿಟ್ಟಳೆನ್ನುವುದು ಕಥೆಯನ್ನು ತುದಿಯಿಂದ ಹಿಂದಕ್ಕೆ ಓದಿದಂತೆ. ತಾಯಿಯ ಹೊಸ್ತಿಲನ್ನು ದಾಟಿದಾಗ ಅವಳನ್ನು ನಡೆಸಿದುದು ಸಂತರಿಂದ ಪಾರಾಗುವ ಹಂಬಲ. ಅಮೃತರಾಯರಲ್ಲಿ ಆಶ್ರಯ ದೊರೆತ ಮೇಲೆ ವಿದ್ಯೆ. ಮದುವೆ ಅದಕ್ಕೂ ಆಮೇಲೆ. ಈ ಕ್ರಮವನ್ನು ಗ್ರಂಥಕರ್ತರು ಬೇಕೆಂದೇ ಇರಿಸಿರುವಂತಿದೆ. ವರನನ್ನು ಮೊದಲೇ ತಂದು ನಿಲ್ಲಿಸಿದ್ದರೆ, ಅವಳನ್ನು ದೂಷಿಸಲು ಹವಣಿಸುವ ನೆರೆಹೊರೆಯವರ ಮಾತೇ ನಿಜವಾಗುತ್ತಿತ್ತು.