ಅಂಗಡಿಬೀದಿಯೂ ಪ್ರವಾಸ ಕಥನವೂ

ನಮ್ಮ ಪ್ರವಾಸ ಕಥನಗಳಲ್ಲಿ ಅಂಗಡಿಬೀದಿಗೆ ಸಾಮಾನ್ಯವಾಗಿ ದೊರೆಯುವ ಸ್ಥಾನ ಬಹು ಸಣ್ಣದು. ದೇವಾಲಯಕ್ಕೊಂದು ಅಧ್ಯಾಯ, ಅರಮನೆಗೊಂದು ಅಧ್ಯಾಯ. ಪೇಟೆಗೆ ಒಂದು ಪುಟ. ಆ ಪುಟದಲ್ಲಿಯೂ ಜನಜಂಗುಳಿ, ಬಣ್ಣ, ಚೌಕಾಸಿ ಎಂಬ ಮೂರೇ ಮಾತು. ಈಚೆಗೆ ವಿಯೆಟ್ನಾಮಿಗೆ ಹೋಗಿಬರುವ ಕನ್ನಡಿಗರು ಹೆಚ್ಚುತ್ತಿದ್ದಾರೆ. ಅವರಲ್ಲಿ ಕೆಲವರಾದರೂ ಹನೋಯ್ ನಗರದ ಹಳೆಯ ಪೇಟೆಯನ್ನು ಕುರಿತು ಬರೆಯದಿರಲಾರರು. ಲೇಖನಿ ಹಿಡಿಯುವ ಮುನ್ನ ಅವರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಅಂಗಡಿಬೀದಿಯಲ್ಲಿ ನೋಡತಕ್ಕದ್ದು ಏನು?

ಹನೋಯ್ 1010ರಲ್ಲಿ ರಾಜಧಾನಿಯಾದ ಊರು. ಅದರ ಹಳೆಯ ಪೇಟೆಯನ್ನು ಮೂವತ್ತಾರು ಬೀದಿಗಳ ಪೇಟೆಯೆಂದು ಕರೆಯುವುದು ವಾಡಿಕೆ. ಅನೇಕ ಬೀದಿಗಳ ಹೆಸರು 'ಹಾಂಗ್' ಎಂಬ ಮಾತಿನಿಂದ ಮೊದಲಾಗುತ್ತದೆ. ಸರಕು ಎಂದು ಅದರ ಅರ್ಥ. ಹಾಂಗ್ ಬಾಕ್ ಬೆಳ್ಳಿಯ ಬೀದಿ. ಹಾಂಗ್ ಗಾಯ್ ಸೆಣಬಿನ ಬೀದಿ. ಸೆಣಬಿನ ಬೀದಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಮರದಚ್ಚಿನ ಪುಸ್ತಕಗಳಿಗೆ ಹೆಸರಾಯಿತು. ಇಂದು ಅಲ್ಲಿ ರೇಷ್ಮೆಯ ಅಂಗಡಿಗಳ ಸಾಲು. ಸರಕು ಬದಲಾಯಿತು, ಹೆಸರು ನಿಂತಿತು.

ಇದು ನಮಗೆ ಅಪರಿಚಿತವಾದ ಸಂಗತಿಯಲ್ಲ. 1537ರಲ್ಲಿ ಕೆಂಪೇಗೌಡನು ಕಟ್ಟಿಸಿದನೆಂದು ಹೇಳುವ ಬೆಂಗಳೂರಿನ ಪೇಟೆಯಲ್ಲಿ ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳಿವೆ. ಬಳೇಪೇಟೆಗೆ ಹೋದವರು ಇಂದು ವೀಣೆ ಮೃದಂಗಗಳನ್ನು ಕೊಂಡು ತರುತ್ತಾರೆ. ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ವಿನೋದದ ಟಿಪ್ಪಣಿಯಾದೀತೇ ಹೊರತು ಸಾಹಿತ್ಯವಾಗದು.

ಸಾಹಿತ್ಯವಾಗುವ ಬಗೆಯನ್ನು ತೋರಿಸಿದವನು ವಿಯೆಟ್ನಾಮಿನ ಲೇಖಕ ಥಾಕ್ ಲಾಮ್. 1942ರಲ್ಲಿ, ಇನ್ನೂ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡ ಈತನ ಮೂವತ್ತಾರು ಬೀದಿಗಳ ಪ್ರಬಂಧಗಳು ಮರುವರ್ಷ ಪುಸ್ತಕವಾದವು. ಅವುಗಳಲ್ಲಿ ಅಂಗಡಿಯ ಫಲಕಗಳಿವೆ, ಬೀದಿಯ ತಿಂಡಿಗಳಿವೆ. ಎಳೆಯ ಭತ್ತವನ್ನು ಹುರಿದು ಕುಟ್ಟಿ ಮಾಡುವ, ನಮ್ಮ ಅವಲಕ್ಕಿಯನ್ನು ಹೋಲುವ 'ಕೋಮ್' ಎಂಬ ತಿನಿಸನ್ನು ಕುರಿತು ಬರೆಯುವಾಗ ಆತ ತಿನ್ನುವವನ ನಾಲಗೆಯಲ್ಲಿಯೇ ನಿಲ್ಲುವುದಿಲ್ಲ. ಹಾಲುದುಂಬಿದ ತೆನೆಗೆ ಹೋಗುತ್ತಾನೆ, ವೋಂಗ್ ಎಂಬ ಹಳ್ಳಿಗೆ ಹೋಗುತ್ತಾನೆ, ಅಡ್ಡೆ ಹೊತ್ತು ನಗರಕ್ಕೆ ಬರುವ ಹೆಂಗಸರನ್ನು ಕಾಣುತ್ತಾನೆ. ಬೀದಿಯ ಒಂದು ತುದಿ ಗದ್ದೆಯಲ್ಲಿದೆಯೆಂಬುದನ್ನು ಆತ ಮರೆಯಲಿಲ್ಲ.

ಕುಂತೂರು ಕೊಳ್ಳೇಗಾಲಗಳ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರ ವರೆಗೆ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಸೀಮೆಯಲ್ಲಿ ಹಿಪ್ಪುನೇರಳೆ ಹಳೆಯ ಬೆಳೆ. ಚಿಕ್ಕಪೇಟೆಯ ಅಂಗಡಿಯಲ್ಲಿ ಬಿಚ್ಚಿ ಹರಡುವ ಸೀರೆಯ ಹಿಂದೆ ಹುಳುವಿಗೆ ಸೊಪ್ಪು ಹಾಕಲು ರಾತ್ರಿ ಎದ್ದವರಿದ್ದಾರೆ, ಚಂದ್ರಿಕೆಯಿಂದ ಗೂಡು ಬಿಡಿಸಿದವರಿದ್ದಾರೆ, ಕುದಿಯುವ ನೀರಿನ ಬಳಿ ಕುಳಿತು ನೂಲು ತೆಗೆದವರಿದ್ದಾರೆ. ಅಂಗಡಿಯ ದೀಪದ ಬೆಳಕು ಅವರ ಮೇಲೆ ಬೀಳುವುದಿಲ್ಲ. ಬರಹಗಾರನ ಬೆಳಕಾದರೂ ಬೀಳಬೇಡವೆ?

ನಮ್ಮ ಹಿಂದಿನವರು ಈ ದೃಷ್ಟಿಯನ್ನು ಬಲ್ಲವರಾಗಿದ್ದರು. ಹನೋಯಿಯಲ್ಲಿ ಸರಕು ಬೀದಿಗೆ ಹೆಸರಾದಂತೆ ಹನ್ನೆರಡನೆಯ ಶತಮಾನದ ಶರಣರಲ್ಲಿ ಕಾಯಕವು ಮನುಷ್ಯನಿಗೆ ಹೆಸರಾಯಿತು: ಮೇದರ ಕೇತಯ್ಯ, ಮಡಿವಾಳ ಮಾಚಯ್ಯ, ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯ. ಹಾಂಗ್ ಗಾಯ್‌ನಲ್ಲಿ ಹಗ್ಗದ ನಾರಿನ ಹೆಸರುಳಿಯಿತು. ನಮ್ಮಲ್ಲಿ ಹಗ್ಗ ಹೊಸೆದವನ ಹೆಸರೇ ಉಳಿಯಿತು. ಈ ವ್ಯತ್ಯಾಸ ಸಾಮಾನ್ಯವಾದುದಲ್ಲ.

ಆದರೆ ಇದನ್ನು ನೆನೆದು ಬೀಗಿದರೆ ಸಾಲದು. ಕುಂಬಾರಪೇಟೆ, ಗಾಣಿಗರಪೇಟೆ ಎಂಬವು ಕಸುಬಿನ ಹೆಸರುಗಳಷ್ಟೇ ಅಲ್ಲ, ಜಾತಿಯ ಹೆಸರುಗಳೂ ಹೌದು. ಅವು ಎಷ್ಟು ಜನರಿಗೆ ಆಶ್ರಯವಾದುವೋ ಅಷ್ಟೇ ಜನರಿಗೆ ಬೇಲಿಯೂ ಆದುವು. ನಮ್ಮ ಸೀಮೆಯ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ ಈ ಸತ್ಯವನ್ನು ಮುಚ್ಚಿಡುವುದಿಲ್ಲ. ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಲು ಹೋದ ಸಿದ್ದಪ್ಪಾಜಿಗೆ ದೊರೆಯುವುದು ಸತ್ಕಾರವಲ್ಲ, ಘೋರವಾದ ಪರೀಕ್ಷೆ. ಕುಶಲಿಗಳ ಕೇರಿಯಲ್ಲಿ ಕೌಶಲದೊಡನೆ ಗರ್ವವೂ ಸಿರಿಯೂ ಕ್ರೌರ್ಯವೂ ಇರಬಲ್ಲವೆಂಬುದನ್ನು ಆ ಅನಾಮಿಕ ಕವಿಗಳು ಕಂಡರು. ಕಂಡೂ ಆ ಕೇರಿಯನ್ನು ಬಿಟ್ಟು ಹಾಡಲಿಲ್ಲ.

ಹೀಗೆ ಶರಣರ ಗೌರವವೂ ನೀಲಗಾರರ ನಿಷ್ಠುರತೆಯೂ ನಮ್ಮ ಭಾಷೆಯಲ್ಲಿಯೇ ಇವೆ. ಇವೆರಡನ್ನೂ ಮನೆಯಲ್ಲಿಟ್ಟು ಕ್ಯಾಮರಾ ಒಂದನ್ನೇ ಹಿಡಿದು ಹೊರಟವನಿಗೆ ಹನೋಯ್ ಆದರೂ ಅಷ್ಟೆ, ಚಿಕ್ಕಪೇಟೆಯಾದರೂ ಅಷ್ಟೆ. ಕಾಣುವುದು ಗಾಜಿನ ಹಿಂದಿನ ಸರಕು ಮಾತ್ರ. ಹಾಂಗ್ ಗಾಯ್‌ನಲ್ಲಿ ರೇಷ್ಮೆಯ ಬೆಲೆ ಕೇಳುವ ಕನ್ನಡ ಲೇಖಕನು ಆ ನೂಲು ಯಾವ ಹಳ್ಳಿಯದೆಂದು ಕೇಳಲಿ. ಆ ಒಂದು ಪ್ರಶ್ನೆಯಿಂದ ಪ್ರವಾಸ ಕಥನವು ಕೊಳ್ಳುವವನ ಕಥೆಯಾಗುವುದು ತಪ್ಪೀತು.